ಯಾರಿಗೆ ಹೋಲಿಸಿ? ಡೆಂಡ್ರಿಟಿಕ್ ಕೋಶ ಲಸಿಕೆಗಳ ಲೆಕ್ಕ

ಕ್ಯಾನ್ಸರ್ ಚಿಕಿತ್ಸೆಗಳಲ್ಲಿ ಹಲವು ಆಕಸ್ಮಿಕವಾಗಿ ಕೈಗೆ ಸಿಕ್ಕವು. ಮೊದಲ ಕೀಮೋ ಔಷಧಗಳ ಬೇರು ಯುದ್ಧಕಾಲದ ಸಾಸಿವೆ ಅನಿಲದಲ್ಲಿದೆ. ಡೆಂಡ್ರಿಟಿಕ್ ಕೋಶ ಲಸಿಕೆ ಹಾಗೆ ಹುಟ್ಟಿದ್ದಲ್ಲ. ದೇಹ ತನ್ನ ಶತ್ರುವನ್ನು ಹೇಗೆ ಗುರುತಿಸುತ್ತದೆ ಎಂಬುದನ್ನು ಒಂದೊಂದೇ ಹೆಜ್ಜೆಯಾಗಿ ಅರಿತು, ಆ ಅರಿವಿನ ಮೇಲೆಯೇ ಕಟ್ಟಿದ ಚಿಕಿತ್ಸೆ ಇದು. ರೋಗಿಯ ರಕ್ತದಿಂದ ಬಿಳಿ ರಕ್ತಕಣಗಳನ್ನು ತೆಗೆದು, ಪ್ರಯೋಗಾಲಯದಲ್ಲಿ ಅವಕ್ಕೆ ಗಡ್ಡೆಯ ಗುರುತು ಹಿಡಿಸಿ, ಮತ್ತೆ ಅದೇ ದೇಹಕ್ಕೆ ಸೇರಿಸಿದರೆ ರೋಗನಿರೋಧಕ ವ್ಯವಸ್ಥೆ ಕ್ಯಾನ್ಸರಿನ ಮೇಲೆ ತಿರುಗಿಬೀಳಬೇಕು. ಈ ವಾದದಲ್ಲಿ ನನಗೆ ಇವತ್ತಿಗೂ ಬಿರುಕು ಕಾಣುವುದಿಲ್ಲ. ಆದರೂ ಮನುಷ್ಯರ ಮೇಲಿನ ಮೊದಲ ಪ್ರಯೋಗ ಪ್ರಕಟವಾಗಿ ಸುಮಾರು ಮೂವತ್ತು ವರ್ಷವಾದರೂ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಪಡೆದ ಈ ಬಗೆಯ ಕ್ಯಾನ್ಸರ್ ಲಸಿಕೆ ಒಂದೇ ಒಂದು. ಅದರ ಲಾಭ ಎಷ್ಟು ಎಂಬ ತಕರಾರೂ ಇನ್ನೂ ಮುಗಿದಿಲ್ಲ.

ಇದಕ್ಕೆ ಕ್ಯಾನ್ಸರಿನ ಜಾಣತನವನ್ನಷ್ಟೇ ದೂರಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಲಸಿಕೆ ಪಡೆದವರನ್ನು ಯಾರ ಜೊತೆ ಹೋಲಿಸಿದಿರಿ ಎಂದು ಕೇಳಿದರೆ ಈ ಕ್ಷೇತ್ರದ ಅತಿ ಹೆಸರಾದ ಎರಡು ಪ್ರಯೋಗಗಳೂ ತಡವರಿಸುತ್ತವೆ. ಕೋಶದ ವಿಜ್ಞಾನ ಎಷ್ಟು ಎಚ್ಚರದಿಂದ ಬೆಳೆಯಿತೋ ಅದನ್ನು ರೋಗಿಗಳಲ್ಲಿ ಅಳೆಯುವ ಕೆಲಸ ಅಷ್ಟೇ ಅವಸರದಲ್ಲಿ ನಡೆಯಿತು ಎಂಬುದು ನನ್ನ ದೂರು.

ಮೊದಲು ಕೋಶದ ಮಾತು. 1868ರಲ್ಲಿ ಬರ್ಲಿನ್ನಿನ ವೈದ್ಯಕೀಯ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸ್ ಚರ್ಮದಲ್ಲಿ ಕೊಂಬೆ ಚಾಚಿದ ಕೋಶಗಳನ್ನು ಕಂಡು ಅವು ನರಕೋಶಗಳೆಂದೇ ಭಾವಿಸಿದ. ಶತಮಾನ ಕಳೆದ ಮೇಲೆ, 1973ರಲ್ಲಿ, ನ್ಯೂಯಾರ್ಕಿನ ರಾಕಫೆಲರ್ ವಿಶ್ವವಿದ್ಯಾಲಯದ ರಾಲ್ಫ್ ಸ್ಟೈನ್‌ಮನ್ ಮತ್ತು ಜಾನ್‌ವಿಲ್ ಕೋನ್ ಇಲಿಯ ಗುಲ್ಮದಲ್ಲಿ ಇಂಥದೇ ಕೋಶಗಳನ್ನು ಗುರುತಿಸಿ ಡೆಂಡ್ರಿಟಿಕ್ ಎಂದು ಹೆಸರಿಟ್ಟರು. ಇವು ಮಾಡುವ ಕೆಲಸ ನಮ್ಮ ಹಳ್ಳಿಯ ತಳವಾರನದು. ಊರಿನ ಗಡಿ ಸುತ್ತುತ್ತಾ ಹೊಸ ಮುಖ ಕಂಡರೆ ಅವನ ಚಹರೆ ನೆನಪಿಟ್ಟುಕೊಂಡು ಚಾವಡಿಗೆ ಬಂದು ಹೇಳುವವನು ಆತ. ಹಿಡಿಯುವ, ಹೊಡೆಯುವ ಕೆಲಸ ಬೇರೆಯವರದು. ಡೆಂಡ್ರಿಟಿಕ್ ಕೋಶವೂ ಅಂಗಾಂಶಗಳಲ್ಲಿ ಸಿಕ್ಕ ಪರಕೀಯ ಪ್ರೋಟೀನನ್ನು ನುಂಗಿ, ತುಂಡರಿಸಿ, ಆ ತುಂಡನ್ನು ತನ್ನ ಮೈಮೇಲೆ ಹೊತ್ತುಕೊಂಡು ದುಗ್ಧಗ್ರಂಥಿಗೆ ನಡೆಯುತ್ತದೆ. ಅಲ್ಲಿ ಕಾದಿರುವ ಟಿ ಕೋಶಗಳಿಗೆ ಅದನ್ನು ತೋರಿಸುತ್ತದೆ. ತೋರಿಸಿದರಷ್ಟೇ ಸಾಲದು, ಇದು ಅಪಾಯ ಎಂಬ ಸಂಕೇತವನ್ನೂ ಜೊತೆಗೆ ಕೊಡಬೇಕು. ಸಂಕೇತವಿಲ್ಲದೆ ತೋರಿಸಿದರೆ ಟಿ ಕೋಶ ಅದನ್ನು ತನ್ನದೇ ಎಂದು ಸಹಿಸಿಕೊಳ್ಳಲು ಕಲಿಯುತ್ತದೆ. ಗಡ್ಡೆಯೊಳಗೆ ನಡೆಯುವುದು ಬಹುಪಾಲು ಇದೇ. ಅಲ್ಲಿನ ಡೆಂಡ್ರಿಟಿಕ್ ಕೋಶಗಳನ್ನು ಕ್ಯಾನ್ಸರ್ ಮಂಕಾಗಿಸಿಬಿಡುತ್ತದೆ.

ಹಾಗಾದರೆ ಅವನ್ನು ದೇಹದಿಂದ ಹೊರಗೆ, ಗಡ್ಡೆಯ ನೆರಳು ಬೀಳದ ಕಡೆ ತಯಾರು ಮಾಡೋಣ ಎಂಬ ಯೋಚನೆ ಬಂತು. ಒಂದು ತೊಡಕಿತ್ತು: ರಕ್ತದಲ್ಲಿ ಈ ಕೋಶಗಳು ತೀರಾ ಅಪರೂಪ. 1994ರಲ್ಲಿ ಫೆಡೆರಿಕಾ ಸಲೂಸ್ಟೊ ಮತ್ತು ಆಂಟೋನಿಯೊ ಲಾಂಜಾವೆಕಿಯಾ ರಕ್ತದಲ್ಲಿ ಧಾರಾಳವಾಗಿ ಸಿಗುವ ಮಾನೋಸೈಟ್‌ಗಳಿಗೆ ಸೈಟೋಕೈನ್ ಎಂಬ ಎರಡು ಸಂಕೇತ ಪ್ರೋಟೀನುಗಳನ್ನು ಉಣಿಸಿ ಡೆಂಡ್ರಿಟಿಕ್ ಕೋಶಗಳನ್ನಾಗಿ ಬೆಳೆಸುವ ದಾರಿ ತೋರಿಸಿದರು. 1996ರಲ್ಲಿ ಸ್ಟ್ಯಾನ್‌ಫರ್ಡ್‌ನ ತಂಡ ನಾಲ್ಕು ಲಿಂಫೋಮಾ ರೋಗಿಗಳಿಗೆ ಡೆಂಡ್ರಿಟಿಕ್ ಕೋಶ ಲಸಿಕೆ ಕೊಟ್ಟ ವರದಿ ಬಂತು. 1998ರಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ ಹದಿನಾರು ರೋಗಿಗಳ ವರದಿ ಬಂತು, ಕೆಲವರ ಗಡ್ಡೆಗಳು ಕರಗಿದ್ದವು. ಆಮೇಲೆ ಜಗತ್ತಿನ ನೂರಾರು ಪ್ರಯೋಗಾಲಯಗಳು ಈ ಕೆಲಸಕ್ಕೆ ಇಳಿದವು. ಒಬ್ಬೊಬ್ಬರದು ಒಂದೊಂದು ಪಾಕ, ಒಂದೊಂದು ಪ್ರಮಾಣ. ಕೆಲವರು ಚರ್ಮದೊಳಗೆ ಚುಚ್ಚಿದರು, ಕೆಲವರು ರಕ್ತನಾಳಕ್ಕೆ, ಕೆಲವರು ನೇರ ದುಗ್ಧಗ್ರಂಥಿಗೆ. ಹತ್ತು, ಹದಿನೈದು, ಇಪ್ಪತ್ತು ರೋಗಿಗಳ ಪುಟ್ಟ ಅಧ್ಯಯನಗಳು ರಾಶಿ ಬಿದ್ದವು. ಒಂದರ ಫಲಿತಾಂಶವನ್ನು ಇನ್ನೊಂದರ ಪಕ್ಕ ಇಟ್ಟು ನೋಡಲು ಆಗದಷ್ಟು ಅವು ಬೇರೆಬೇರೆಯಾಗಿದ್ದವು.

2004ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸ್ಟೀವನ್ ರೋಸೆನ್‌ಬರ್ಗ್ ಈ ಉತ್ಸಾಹದ ಎದುರು ಲೆಕ್ಕ ತೆರೆದಿಟ್ಟರು. ಅವರ ಸಂಸ್ಥೆಯಲ್ಲೇ ಬಗೆಬಗೆಯ ಕ್ಯಾನ್ಸರ್ ಲಸಿಕೆ ಪಡೆದ 440 ರೋಗಿಗಳಲ್ಲಿ ಗಡ್ಡೆ ಗಣನೀಯವಾಗಿ ಕುಗ್ಗಿದ್ದು ಶೇ 2.6ರಷ್ಟು ಜನರಲ್ಲಿ ಮಾತ್ರ. 2006ರಲ್ಲಿ ಜರ್ಮನಿಯ ತಂಡವೊಂದು ಮೆಲನೋಮಾದಲ್ಲಿ ಡೆಂಡ್ರಿಟಿಕ್ ಲಸಿಕೆಯನ್ನು ಹಳೆಯ ಕೀಮೋ ಔಷಧ ಡಕಾರ್ಬಜೀನ್ ಜೊತೆ ನೇರವಾಗಿ ಹೋಲಿಸಿದ ಫಲಿತಾಂಶ ಪ್ರಕಟಿಸಿತು. ಲಸಿಕೆ ಗೆಲ್ಲಲಿಲ್ಲ. ಸೋತ ಪ್ರಯೋಗವೆಂದು ಇದನ್ನು ಬದಿಗೆ ಸರಿಸುವವರೇ ಹೆಚ್ಚು. ಆದರೆ ನನ್ನ ದೃಷ್ಟಿಯಲ್ಲಿ ಇದು ಈ ಕ್ಷೇತ್ರದ ಪ್ರಾಮಾಣಿಕ ಕೆಲಸಗಳಲ್ಲಿ ಒಂದು. ಎರಡು ಗುಂಪು, ಚೀಟಿ ಎತ್ತಿದ ಹಾಗೆ ಹಂಚಿಕೆ, ಒಂದು ಸ್ಪಷ್ಟ ಉತ್ತರ. ಆ ಉತ್ತರ ನಮಗೆ ಹಿಡಿಸದಿರಬಹುದು, ಆದರೆ ಅದು ಉತ್ತರವಂತೂ ಹೌದು.

ಇನ್ನು ಪ್ರೊವೆಂಜ್. ಸಿಯಾಟಲ್‌ನ ಡೆಂಡ್ರಿಯಾನ್ ಕಂಪನಿ ತಯಾರಿಸಿದ ಈ ಪ್ರಾಸ್ಟೇಟ್ ಕ್ಯಾನ್ಸರ್ ಲಸಿಕೆಯ ವೈಜ್ಞಾನಿಕ ಹೆಸರು ಸಿಪುಲ್ಯೂಸೆಲ್-ಟಿ. ರೋಗಿಯ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ ಬಿಳಿ ಕಣಗಳನ್ನು ಬೇರ್ಪಡಿಸುವುದಕ್ಕೆ ಲ್ಯೂಕಾಫೆರೆಸಿಸ್ ಎನ್ನುತ್ತಾರೆ. ಹಾಗೆ ತೆಗೆದ ಕಣಗಳನ್ನು ಪ್ರಾಸ್ಟೇಟಿನ ಒಂದು ಪ್ರೋಟೀನು ಮತ್ತು ಕೋಶಗಳನ್ನು ಹುರಿದುಂಬಿಸುವ ಒಂದು ಅಂಶ ಬೆಸೆದ ಕೃತಕ ಪ್ರೋಟೀನಿನ ಜೊತೆ ಇಟ್ಟು, ಸುಮಾರು ಮೂರು ದಿನದಲ್ಲಿ ಮರಳಿ ರೋಗಿಯ ರಕ್ತನಾಳಕ್ಕೆ ಏರಿಸುತ್ತಾರೆ. ಎರಡು ವಾರಕ್ಕೊಮ್ಮೆಯಂತೆ ಮೂರು ಸಲ. ಈ ಚೀಲದಲ್ಲಿ ಇರುವುದು ಶುದ್ಧ ಡೆಂಡ್ರಿಟಿಕ್ ಕೋಶಗಳಲ್ಲ. ಟಿ ಕೋಶ, ಬಿ ಕೋಶಗಳೆಲ್ಲ ಸೇರಿದ ಮಿಶ್ರಣ. ಹಾಗಾಗಿ ಇದನ್ನು ಡೆಂಡ್ರಿಟಿಕ್ ಲಸಿಕೆ ಎನ್ನಲು ಕೆಲವು ಸಂಶೋಧಕರು ಇಂದಿಗೂ ಹಿಂಜರಿಯುತ್ತಾರೆ.

2007ರ ಮಾರ್ಚ್‌ನಲ್ಲಿ ಎಫ್‌ಡಿಎಯ ಸಲಹಾ ಸಮಿತಿ ಲಸಿಕೆಯ ಪರ ಮತ ಹಾಕಿತು. ಮೇ ತಿಂಗಳಲ್ಲಿ ಎಫ್‌ಡಿಎ ಇನ್ನಷ್ಟು ಸಾಕ್ಷ್ಯ ಬೇಕೆಂದು ಅರ್ಜಿಯನ್ನು ತಡೆಹಿಡಿಯಿತು. ರೋಗಿಗಳ ಸಂಘಟನೆಗಳು ಬೀದಿಗಿಳಿದವು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಕಾಯಲು ಸಮಯವಿಲ್ಲದವರ ಸಿಟ್ಟು ಅದು. ಆದರೆ ಎಫ್‌ಡಿಎ ಅಂದು ತಡೆದಿದ್ದರಿಂದಲೇ ಇಂಪ್ಯಾಕ್ಟ್ ಎಂಬ ದೊಡ್ಡ ಪ್ರಯೋಗದ ಪೂರ್ಣ ಫಲಿತಾಂಶ ನಮ್ಮ ಕೈಗೆ ಬಂತು. ಅದರಲ್ಲಿ 512 ರೋಗಿಗಳಿದ್ದರು. 341 ಮಂದಿಗೆ ಲಸಿಕೆ, 171 ಮಂದಿಗೆ ಪ್ಲಸೀಬೊ, ಅಂದರೆ ತೋರಿಕೆಯ ಚಿಕಿತ್ಸೆ. ಬದುಕಿದ ಅವಧಿಯ ಮಧ್ಯಾಂಕ, ಅಂದರೆ ಗುಂಪಿನ ಅರ್ಧದಷ್ಟು ಜನ ದಾಟಿದ ಅವಧಿ, ಲಸಿಕೆಯವರಲ್ಲಿ 25.8 ತಿಂಗಳು, ಉಳಿದವರಲ್ಲಿ 21.7. ವ್ಯತ್ಯಾಸ 4.1 ತಿಂಗಳು. 2010ರ ಏಪ್ರಿಲ್ 29ರಂದು ಒಪ್ಪಿಗೆ ಸಿಕ್ಕಿತು. ಮೂರು ಡೋಸಿಗೆ ಕಂಪನಿ ಇಟ್ಟ ಬೆಲೆ 93,000 ಡಾಲರ್.

ನಾಲ್ಕು ತಿಂಗಳನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಒಂದು ಮದುವೆ ನೋಡಲು, ಒಂದು ಮಗು ಎತ್ತಿಕೊಳ್ಳಲು ಅದು ಸಾಕಾಗಬಹುದು. ಕಾಡುವ ಪ್ರಶ್ನೆ ಬೇರೆ. ಈ ಲಸಿಕೆ ಪಡೆದವರಲ್ಲಿ ಗಡ್ಡೆ ಕುಗ್ಗಿದ್ದು ಅಪರೂಪ, ಪ್ರಾಸ್ಟೇಟ್ ಕ್ಯಾನ್ಸರಿನ ಸೂಚಕವಾದ ಪಿಎಸ್‌ಎ ಎಂಬ ಪ್ರೋಟೀನಿನ ಮಟ್ಟ ರಕ್ತದಲ್ಲಿ ಹೆಚ್ಚಿನವರಲ್ಲಿ ಇಳಿಯಲಿಲ್ಲ, ರೋಗ ಉಲ್ಬಣಿಸಲು ಹಿಡಿದ ಕಾಲದಲ್ಲೂ ಎರಡು ಗುಂಪಿಗೆ ವ್ಯತ್ಯಾಸವಿರಲಿಲ್ಲ. ರೋಗ ಅದೇ ವೇಗದಲ್ಲಿ ಮುಂದುವರಿದಿದ್ದರೆ ಆಯಸ್ಸು ಹೆಚ್ಚಿದ್ದು ಹೇಗೆ? ರೋಗನಿರೋಧಕ ಚಿಕಿತ್ಸೆ ನಿಧಾನಕ್ಕೆ ಕೆಲಸ ಮಾಡುತ್ತದೆ, ಮೊದಲ ಕೆಲವು ತಿಂಗಳ ಸ್ಕ್ಯಾನಿನಲ್ಲಿ ಅದು ಕಾಣದು ಎಂಬುದು ಒಂದು ಸಮಾಧಾನ. ಇದು ಸಂಭವನೀಯವೇ.

2012ರಲ್ಲಿ ಮೇರಿ ಹ್ಯೂಬರ್ ಮತ್ತು ಸಂಗಡಿಗರು ಇನ್ನೊಂದು ಸಾಧ್ಯತೆಯನ್ನು ಮುಂದಿಟ್ಟರು. ಪ್ಲಸೀಬೊ ಗುಂಪಿನವರಿಗೂ ಲ್ಯೂಕಾಫೆರೆಸಿಸ್ ಮಾಡಿ ಬಿಳಿ ಕಣಗಳನ್ನು ತೆಗೆಯಲಾಗಿತ್ತು. ಆದರೆ ಅವರಿಗೆ ಮರಳಿ ಏರಿಸಿದ್ದು ಸುಮಾರು ಮೂರನೇ ಒಂದರಷ್ಟನ್ನು ಮಾತ್ರ; ಉಳಿದದ್ದನ್ನು ಶೈತ್ಯೀಕರಿಸಿ ಇಟ್ಟರು. ಆ ಗುಂಪಿನಲ್ಲಿ 65 ವರ್ಷ ದಾಟಿದವರು ಕಿರಿಯರಿಗಿಂತ ಬಹಳ ಬೇಗ ತೀರಿಕೊಂಡಿದ್ದರು. ವಯಸ್ಸಾದವರಲ್ಲಿ ಕಳೆದುಹೋದ ಕಣಗಳು ಬೇಗ ತುಂಬಿಬರದೆ ಪ್ಲಸೀಬೊವೇ ಅವರಿಗೆ ಹಾನಿ ಮಾಡಿತೇ? ಹಾಗಿದ್ದರೆ ಲಸಿಕೆ ಆಯಸ್ಸು ಹೆಚ್ಚಿಸಿತು ಎಂದು ನಾವು ಓದುತ್ತಿರುವುದು ಪ್ಲಸೀಬೊ ಆಯಸ್ಸು ಕುಗ್ಗಿಸಿದ್ದರ ಇನ್ನೊಂದು ಮುಖ ಮಾತ್ರ. ಈ ವಾದವನ್ನು ಅಲ್ಲಗಳೆದವರೂ ಇದ್ದಾರೆ. ದೇಹದ ಒಟ್ಟು ಬಿಳಿ ಕಣಗಳಲ್ಲಿ ಯಂತ್ರ ತೆಗೆಯುವುದು ಸಣ್ಣ ಪಾಲು, ಅದರಿಂದ ಸಾವು ಬೇಗ ಬರುವುದಿಲ್ಲ ಎಂಬ ಅವರ ಮಾತಿಗೆ ತೂಕವಿದೆ. ನನ್ನ ಒಲವೂ ಅವರ ಕಡೆಗೇ. ಆದರೆ ಒಲವಿನಿಂದ ತೀರ್ಮಾನವಾಗುವ ವಿಷಯ ಇದಲ್ಲ. ಕಣಗಳನ್ನು ತೆಗೆಯದೆ ಬಿಟ್ಟ ಮೂರನೆಯ ಗುಂಪೊಂದು ಇದ್ದಿದ್ದರೆ ಈ ಚರ್ಚೆ ಒಂದು ಕೋಷ್ಟಕದಲ್ಲಿ ಮುಗಿಯುತ್ತಿತ್ತು. ಜೊತೆಗೆ ಪ್ಲಸೀಬೊ ಪಡೆದ 171 ಮಂದಿಯಲ್ಲಿ 109 ಮಂದಿಗೆ ರೋಗ ಉಲ್ಬಣಿಸಿದ ಮೇಲೆ ಶೈತ್ಯೀಕರಿಸಿದ ಅವರದೇ ಕಣಗಳಿಂದ ಲಸಿಕೆ ಮಾಡಿ ಕೊಡಲಾಯಿತು. ಮನುಷ್ಯತ್ವದ ದೃಷ್ಟಿಯಿಂದ ಅದು ಸರಿ. ಹೋಲಿಕೆಯ ದೃಷ್ಟಿಯಿಂದ ಗೆರೆ ಅಲ್ಲೇ ಮಸುಕಾಯಿತು.

ಪ್ರೊವೆಂಜ್‌ನ ಮುಂದಿನ ಕಥೆ ಚಿಕ್ಕದು. ಒಬ್ಬೊಬ್ಬ ರೋಗಿಗೂ ಬೇರೆಯಾಗಿ ತಯಾರಿಸಬೇಕಾದ, ಬೆಲೆ ದುಬಾರಿಯಾದ ಈ ಲಸಿಕೆ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಅಷ್ಟರಲ್ಲಿ ಅಬಿರಟೆರೋನ್‌ನಂಥ ಮಾತ್ರೆಗಳೂ ಬಂದವು. 2014ರ ನವೆಂಬರ್‌ನಲ್ಲಿ ಡೆಂಡ್ರಿಯಾನ್ ದಿವಾಳಿ ಅರ್ಜಿ ಹಾಕಿತು. 2013ರಲ್ಲಿ ಯುರೋಪಿನಲ್ಲಿ ಸಿಕ್ಕ ಒಪ್ಪಿಗೆಯನ್ನು 2015ರಲ್ಲಿ ಹಿಂದಕ್ಕೆ ಪಡೆಯಲಾಯಿತು. ಅಮೆರಿಕದಲ್ಲಿ ಮಾಲೀಕರು ಬದಲಾಗಿ ಲಸಿಕೆ ಉಳಿಯಿತು. ಆಮೇಲಿನ ವಿಶ್ಲೇಷಣೆಯಲ್ಲಿ ಹೊರಬಿದ್ದ ಒಂದು ಅಂಶವನ್ನು ಮಾತ್ರ ಬಿಡಬಾರದು: ಚಿಕಿತ್ಸೆ ಶುರುವಾಗುವಾಗ ಪಿಎಸ್‌ಎ ತೀರಾ ಕಡಿಮೆಯಿದ್ದ ಕಾಲುಭಾಗ ರೋಗಿಗಳಲ್ಲಿ ಲಸಿಕೆಯವರ ಮಧ್ಯಾಂಕ 41.3 ತಿಂಗಳು, ಇತರರದು 28.3. ಪ್ರಯೋಗ ಮುಗಿದ ಮೇಲೆ ಬಿಡಿಸಿ ನೋಡಿದ ಲೆಕ್ಕವಾದ್ದರಿಂದ ಪುರಾವೆ ಎನ್ನಲಾಗದು. ಆದರೆ ಗಡ್ಡೆಯ ಹೊರೆ ಚಿಕ್ಕದಿರುವಾಗ ಲಸಿಕೆಗೆ ಹೆಚ್ಚು ಕಸುವು ಎಂಬ ಊಹೆಯನ್ನು ಹೊಸದಾಗಿ, ಮೊದಲಿನಿಂದ ಪರೀಕ್ಷಿಸಬೇಕಿತ್ತು. ದಿವಾಳಿಯಾದ ಕಂಪನಿಯಿಂದ ಅದನ್ನು ನಿರೀಕ್ಷಿಸುವುದು ಕಷ್ಟ. ಸರ್ಕಾರಿ ಸಂಶೋಧನಾ ನಿಧಿಗಳು ಹೊರಬೇಕಾಗಿದ್ದ ಕೆಲಸ ಅದು.

ಮಿದುಳಿನ ಗ್ಲಿಯೋಬ್ಲಾಸ್ಟೋಮಾಕ್ಕೆ ತಯಾರಾದ ಡಿಸಿವ್ಯಾಕ್ಸ್-ಎಲ್ ಕಥೆ ಇನ್ನೂ ಹೆಚ್ಚು ನೋಯಿಸುತ್ತದೆ. ಗ್ಲಿಯೋಬ್ಲಾಸ್ಟೋಮಾ ಎಂದರೆ ಶಸ್ತ್ರಕ್ರಿಯೆ, ವಿಕಿರಣ, ಕೀಮೋ ಔಷಧ ಟೆಮೊಜೊಲೊಮೈಡ್ ಎಲ್ಲ ಮುಗಿಸಿದರೂ ಹೆಚ್ಚಿನವರು ಒಂದೆರಡು ವರ್ಷಕ್ಕಿಂತ ಆಚೆ ಹೋಗದ ರೋಗ. ನಾರ್ತ್‌ವೆಸ್ಟ್ ಬಯೋಥೆರಪ್ಯೂಟಿಕ್ಸ್ ಕಂಪನಿಯ ಈ ಲಸಿಕೆಯಲ್ಲಿ ರೋಗಿಯದೇ ಗಡ್ಡೆಯನ್ನು ಅರೆದು, ಅದರ ಸಾರವನ್ನು ಅವನದೇ ಡೆಂಡ್ರಿಟಿಕ್ ಕೋಶಗಳಿಗೆ ಉಣಿಸುತ್ತಾರೆ. ಲಾಸ್ ಏಂಜಲಿಸ್‌ನ ನರಶಸ್ತ್ರವೈದ್ಯೆ ಲಿಂಡಾ ಲಿಯಾವ್ ಮುಂದಾಳತ್ವದ ಪ್ರಯೋಗದಲ್ಲಿ 331 ರೋಗಿಗಳು. 232 ಮಂದಿಗೆ ಲಸಿಕೆ, 99 ಮಂದಿಗೆ ಪ್ಲಸೀಬೊ. ಮೊದಲು ನಿಗದಿಯಾದ ಮುಖ್ಯ ಅಳತೆ, ರೋಗ ಮುಂದುವರಿಯದೆ ಎಷ್ಟು ಕಾಲ ನಿಂತಿತು ಎಂಬುದು. ರೋಗ ಮರುಕಳಿಸಿದರೆ ಯಾರಾದರೂ ಲಸಿಕೆ ಪಡೆಯಬಹುದು ಎಂಬ ನಿಯಮವೂ ಇತ್ತು. ಹೀಗಾಗಿ ಪ್ಲಸೀಬೊ ಗುಂಪಿನ 64 ಮಂದಿ ಕೊನೆಗೆ ಲಸಿಕೆಯನ್ನೇ ಪಡೆದರು.

2022ರ ನವೆಂಬರ್‌ನಲ್ಲಿ ಜಾಮಾ ಆಂಕಾಲಜಿ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾದಾಗ ಮುಖ್ಯ ಅಳತೆ ಬದಲಾಗಿತ್ತು. ಮೊದಲಿನ ಅಳತೆಯಲ್ಲಿ ಲಸಿಕೆಗೆ ಮೇಲುಗೈ ಇರಲಿಲ್ಲ. ಈಗ ಅಳೆದಿದ್ದು ಒಟ್ಟು ಬದುಕಿದ ಅವಧಿ. ಹೋಲಿಸಿದ್ದು ಆ 99 ಮಂದಿಯ ಜೊತೆಗಲ್ಲ, ಬೇರೆ ಐದು ಪ್ರಯೋಗಗಳಲ್ಲಿ ಭಾಗವಹಿಸಿದ್ದ 1,366 ಹೊರಗಿನ ರೋಗಿಗಳ ಜೊತೆ. ಹೊಸದಾಗಿ ರೋಗ ಪತ್ತೆಯಾದವರಲ್ಲಿ ಮಧ್ಯಾಂಕ ಲಸಿಕೆಗೆ 19.3 ತಿಂಗಳು, ಹೊರಗಿನವರಿಗೆ 16.5. ಐದು ವರ್ಷ ದಾಟಿದವರು ಶೇ 13, ಎದುರಿಗೆ ಶೇ 5.7. ಪತ್ರಿಕೆಗಳ ತಲೆಬರಹಗಳಿಗೆ ಇಷ್ಟು ಸಾಕಾಯಿತು.

ಸಂಶೋಧಕರು ಕೊಟ್ಟ ಕಾರಣವನ್ನು ನಾನು ತಳ್ಳಿಹಾಕುವುದಿಲ್ಲ. ಪ್ಲಸೀಬೊ ಗುಂಪಿನ ಮೂರರಲ್ಲಿ ಎರಡು ಪಾಲು ಜನ ಲಸಿಕೆ ಪಡೆದ ಮೇಲೆ ಆ ಗುಂಪು ಬದುಕಿದ ಅವಧಿಯನ್ನು ಹೋಲಿಸಲು ಯೋಗ್ಯವಾಗಿ ಉಳಿದಿರಲಿಲ್ಲ. ಆದರೆ ಈ ಲಸಿಕೆ ತಯಾರಾಗಬೇಕಾದರೆ ಶಸ್ತ್ರಕ್ರಿಯೆಯಲ್ಲಿ ಸಾಕಷ್ಟು ಗಡ್ಡೆ ಸಿಗಬೇಕು. ಅಂದರೆ ಗಡ್ಡೆ ತೆಗೆಯಲು ಬರುವ ಜಾಗದಲ್ಲಿರಬೇಕು. ರೋಗಿ ಲ್ಯೂಕಾಫೆರೆಸಿಸ್ ತಾಳಿಕೊಳ್ಳುವಷ್ಟು ಗಟ್ಟಿಯಿರಬೇಕು, ವಿಕಿರಣದ ವಾರಗಳನ್ನು ದಾಟಿ ಬಂದಿರಬೇಕು. ಇಂಥವರು ಲಸಿಕೆಯಿಲ್ಲದೆಯೂ ಸ್ವಲ್ಪ ಹೆಚ್ಚು ಕಾಲ ಬದುಕುವವರೇ. ಬೇರೆ ಪ್ರಯೋಗ, ಬೇರೆ ಆಸ್ಪತ್ರೆಗಳ ರೋಗಿಗಳನ್ನು ವಯಸ್ಸು, ಲಿಂಗಗಳಲ್ಲಿ ಎಷ್ಟೇ ಸರಿದೂಗಿಸಿದರೂ ಈ ಅಂತರವನ್ನು ಪೂರ್ತಿ ಅಳಿಸಲಾಗದು. ಚೀಟಿ ಎತ್ತಿ ಹಂಚುವುದರ ಬೆಲೆಯೇ ಅದು: ನಮಗೆ ಗೊತ್ತಿಲ್ಲದ ವ್ಯತ್ಯಾಸಗಳನ್ನೂ ಅದು ಎರಡು ಕಡೆಗೂ ಸಮವಾಗಿ ಚೆಲ್ಲುತ್ತದೆ. 331 ಕುಟುಂಬಗಳು ಮಿದುಳಿನ ಗಡ್ಡೆಯ ಆಘಾತದ ನಡುವೆಯೇ ಪ್ರಯೋಗಕ್ಕೆ ಸಹಿ ಹಾಕಿದವು. ಲಸಿಕೆ ಕೆಲಸ ಮಾಡುತ್ತದೋ ಇಲ್ಲವೋ ಎಂಬುದಕ್ಕೆ ಖಚಿತ ಉತ್ತರ ಅವರ ಹಕ್ಕಾಗಿತ್ತು. ಆ ಉತ್ತರ ಅವರಿಗೆ ಸಿಗಲಿಲ್ಲ. ಡಿಎನ್‌ಎ ರಿಪೇರಿ ಮಾಡುವ ಎಂಜಿಎಂಟಿ ಜೀನ್ ಗಡ್ಡೆಯಲ್ಲಿ ಮೌನವಾಗಿರುವ ರೋಗಿಗಳಿಗೆ ಹೆಚ್ಚು ಲಾಭವಾದಂತೆ ಕಾಣುತ್ತದೆ, 30.2 ತಿಂಗಳ ಎದುರು 21.3, ಆದರೆ ಆ ಸುಳಿವು ಕೂಡ ಅದೇ ಹೊರಗಿನ ಹೋಲಿಕೆಯ ಮೇಲೆ ನಿಂತಿದೆ.

ಈ ಕ್ಷೇತ್ರದ ಬಗ್ಗೆ ಮಾತೆತ್ತಿದವರೆಲ್ಲ ಸ್ಟೈನ್‌ಮನ್ ಅವರ ಕೊನೆಯ ವರ್ಷಗಳ ಪ್ರಸ್ತಾಪ ಮಾಡುತ್ತಾರೆ. 2007ರಲ್ಲಿ ಅವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಪತ್ತೆಯಾಯಿತು. ಶಸ್ತ್ರಕ್ರಿಯೆ, ಕೀಮೋ ಆದವು. ಜೊತೆಗೆ ಜಗತ್ತಿನ ಹಲವೆಡೆಯ ಗೆಳೆಯರು ಅವರದೇ ಗಡ್ಡೆಯಿಂದ ತಯಾರಿಸಿದ ಲಸಿಕೆಯೂ ಸೇರಿ ಹಲವು ಪ್ರಾಯೋಗಿಕ ಚಿಕಿತ್ಸೆಗಳು ನಡೆದವು. ನಾಲ್ಕೂವರೆ ವರ್ಷ ಬದುಕಿ 2011ರ ಸೆಪ್ಟೆಂಬರ್ 30ರಂದು ತೀರಿಕೊಂಡರು. ಅಕ್ಟೋಬರ್ 3ರಂದು, ಸಾವಿನ ಸುದ್ದಿ ತಿಳಿಯದೆ, ನೊಬೆಲ್ ಸಮಿತಿ ಅವರ ಹೆಸರು ಘೋಷಿಸಿತು. ಇದನ್ನು ಓದುವಾಗ ಯಾರ ಮನಸ್ಸಾದರೂ ತುಂಬಿಬರುತ್ತದೆ. ಆದರೆ ಈ ಬದುಕನ್ನು ಲಸಿಕೆಯ ಪುರಾವೆಯಾಗಿ ಬಳಸುವುದು ಅವರ ವಿಜ್ಞಾನಕ್ಕೇ ಮಾಡುವ ಅನ್ಯಾಯ. ಅವರಿಗೆ ಯಾವುದು ಎಷ್ಟು ನೆರವಾಯಿತು ಎಂದು ಬಿಡಿಸಿ ಹೇಳಲು ದಾರಿಯೇ ಇಲ್ಲ. ಇಲಿಯ ಗುಲ್ಮದಲ್ಲಿ ಕಂಡ ಕೋಶದ ಮಹತ್ವವನ್ನು ಸಂದೇಹವಾದಿಗಳಿಗೆ ಒಪ್ಪಿಸಲು ವರ್ಷಗಟ್ಟಲೆ ಪ್ರಯೋಗದ ಮೇಲೆ ಪ್ರಯೋಗ ಮಾಡಿದ ಮನುಷ್ಯ ಅವರು.

ಹಾಗಾದರೆ ಈ ದಾರಿಯೇ ತಪ್ಪೇ? ನನಗೆ ಹಾಗೆನ್ನಿಸುವುದಿಲ್ಲ. ಮಾನೋಸೈಟ್‌ನಿಂದ ಬೆಳೆಸಿದ ಕೋಶಗಳನ್ನು ಚರ್ಮಕ್ಕೆ ಚುಚ್ಚಿದರೆ ದುಗ್ಧಗ್ರಂಥಿಗೆ ತಲುಪುವುದು ತೀರಾ ಸಣ್ಣ ಪಾಲು. 2015ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ತಂಡ ಹನ್ನೆರಡು ಗ್ಲಿಯೋಬ್ಲಾಸ್ಟೋಮಾ ರೋಗಿಗಳಲ್ಲಿ, ಲಸಿಕೆಗೆ ಮೊದಲು ಆ ಜಾಗಕ್ಕೆ ಟೆಟನಸ್ ಚುಚ್ಚುಮದ್ದು ಕೊಟ್ಟರೆ ಹೆಚ್ಚು ಕೋಶಗಳು ಗ್ರಂಥಿ ಸೇರುತ್ತವೆ ಎಂದು ತೋರಿಸಿತು. ಹನ್ನೆರಡು ಜನ ಕಡಿಮೆಯೇ. ಆದರೆ ಅವರನ್ನೂ ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದ್ದರು, ಎಲ್ಲಿ ಎಡವುತ್ತೇವೆಂದು ಹುಡುಕಿ ಅಲ್ಲಿಗೇ ಕೈಹಾಕಿದ್ದರು. ಕೊಲ್ಲುವ ಟಿ ಕೋಶಗಳನ್ನು ಎಬ್ಬಿಸುವುದರಲ್ಲಿ ಪಳಗಿದ ಡೆಂಡ್ರಿಟಿಕ್ ಉಪಜಾತಿಯೊಂದು ದೇಹದಲ್ಲೇ ಇದೆ. ಅದಿಲ್ಲದ ಇಲಿಗಳು ಗಡ್ಡೆಯನ್ನು ತಿರಸ್ಕರಿಸಲಾರವು ಎಂಬುದು 2008ರಿಂದ ಗೊತ್ತಿದೆ. ನಾವು ಇಷ್ಟು ಕಾಲ ಪ್ರಯೋಗಾಲಯದಲ್ಲಿ ಬೆಳೆಸಿದ್ದು ಹೆಚ್ಚಾಗಿ ಬೇರೆ ಬಗೆಯವನ್ನು. ಈಗ ಮೆಲನೋಮಾ ರೋಗಿಗಳಲ್ಲಿ ಪರೀಕ್ಷೆಗೊಳಪಟ್ಟಿರುವ ವೈಯಕ್ತಿಕ ಎಂಆರ್‌ಎನ್‌ಎ ಲಸಿಕೆ ಕೂಡ ಕೊನೆಗೆ ನೆಚ್ಚುವುದು ದೇಹದೊಳಗಿನ ಡೆಂಡ್ರಿಟಿಕ್ ಕೋಶಗಳನ್ನೇ. ಆ ಲಸಿಕೆಯ 157 ರೋಗಿಗಳ ಎರಡನೆಯ ಹಂತದ ಪ್ರಯೋಗದಲ್ಲಿ ಎರಡೂ ಗುಂಪಿಗೆ ಪೆಂಬ್ರೊಲಿಜುಮ್ಯಾಬ್ ಎಂಬ ರೋಗನಿರೋಧಕ ಔಷಧ ಇತ್ತು, ಒಂದಕ್ಕೆ ಮಾತ್ರ ಲಸಿಕೆ. ಏನನ್ನು ಏನಕ್ಕೆ ಹೋಲಿಸಿದರು ಎಂದು ಕೇಳಿದರೆ ಒಂದೇ ವಾಕ್ಯದಲ್ಲಿ ಹೇಳಬಹುದು.

ನಮ್ಮ ದೇಶದಲ್ಲೂ 2017ರಲ್ಲಿ ಎಪಿಸಿಡೆನ್ ಎಂಬ ಡೆಂಡ್ರಿಟಿಕ್ ಕೋಶ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಅದರ ಹಿಂದಿನ ಬಹುಕೇಂದ್ರ ಅಧ್ಯಯನ 2014ರಲ್ಲಿ ಸೈಟೋಥೆರಪಿ ಪತ್ರಿಕೆಯಲ್ಲಿ ಬಂತು. ಮೊದಲ ಲೇಖಕಿ ಬೆಂಗಳೂರಿನ ಹಿರಿಯ ಕ್ಯಾನ್ಸರ್ ತಜ್ಞೆ ಪಿ. ಪಿ. ಬಾಪ್ಸಿ. ಆ ಅಧ್ಯಯನ ತನ್ನ ಶೀರ್ಷಿಕೆಯಲ್ಲೇ ಮುಚ್ಚುಮರೆಯಿಲ್ಲದೆ ಹೇಳುತ್ತದೆ: ಒಂದೇ ಗುಂಪು, ಚೀಟಿ ಎತ್ತಿ ಹಂಚಿಲ್ಲ. ಬೇರೆ ಚಿಕಿತ್ಸೆಗಳಿಗೆಲ್ಲ ಬಗ್ಗದ ಗಡ್ಡೆಗಳಲ್ಲಿ ಸುರಕ್ಷತೆ ನೋಡಲು ಇದು ಒಳ್ಳೆಯ ಮೊದಲ ಹೆಜ್ಜೆ. ಆದರೆ ಮುಂದಿನ ಹೆಜ್ಜೆಯಾಗಬೇಕಿದ್ದ, ಹೋಲಿಕೆಯ ಗುಂಪಿರುವ ದೊಡ್ಡ ಪ್ರಯೋಗಕ್ಕೆ ಮೊದಲೇ ಒಪ್ಪಿಗೆ ಕೊಟ್ಟದ್ದು ನಿಯಂತ್ರಕರ ಅವಸರ ಎಂದೇ ನನ್ನ ಅಭಿಪ್ರಾಯ. ಒಮ್ಮೆ ಒಪ್ಪಿಗೆ ಸಿಕ್ಕರೆ ಅಂಥ ಪ್ರಯೋಗಕ್ಕೆ ದುಡ್ಡು ಹಾಕುವ ಒತ್ತಾಯ ಯಾರಿಗೂ ಉಳಿಯುವುದಿಲ್ಲ.

ಕೀಮೋ ಮುಗಿದು ದಾರಿ ಕಾಣದಾದಾಗ ಮನೆಯವರು ನಿಮ್ಮದೇ ಕೋಶ, ಅಡ್ಡಪರಿಣಾಮವಿಲ್ಲ ಎಂಬ ಜಾಹೀರಾತಿನ ಮಾತಿಗೆ ಒಲಿಯುತ್ತಾರೆ. ಸೈಟು ಮಾರಿ, ಒಡವೆ ಅಡವಿಟ್ಟು ಹಣ ಹೊಂದಿಸುತ್ತಾರೆ. ಅಂಥವರ ಕೈಗೆ ಒಂದು ನಿಯಮವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯ ಪ್ರಕಾರ ಸಂಶೋಧನೆಯಲ್ಲಿ ಭಾಗವಹಿಸುವ ರೋಗಿ ಮಾಮೂಲಿ ಚಿಕಿತ್ಸೆಯ ಆಚೆಗಿನ ಸಂಶೋಧನಾ ವೆಚ್ಚವನ್ನು ಭರಿಸಬೇಕಾಗಿಲ್ಲ. ವೈದ್ಯರು ಇದು ಪ್ರಯೋಗ ಎಂದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯ ಸಂಖ್ಯೆ ಕೇಳಬಹುದು, ಲಸಿಕೆಗೆ ಬಿಲ್ ಏಕೆ ಎಂದೂ ಕೇಳಬಹುದು. ಪ್ರಯೋಗವಲ್ಲ, ಸಿದ್ಧವಾದ ಚಿಕಿತ್ಸೆ ಎಂದರೆ, ಇದೇ ಬಗೆಯ ಕ್ಯಾನ್ಸರಿನಲ್ಲಿ ಲಸಿಕೆ ಪಡೆದವರನ್ನು ಪಡೆಯದವರ ಜೊತೆ ಹೋಲಿಸಿದ ಪ್ರಕಟಿತ ಫಲಿತಾಂಶದ ಪ್ರತಿಯನ್ನು ಮೇಜಿನ ಮೇಲಿಡಲು ಹೇಳಬಹುದು.